ಇಂಗ್ಲೆಂಡಿನ ಹಳೇ ಸಾಲು ಅಂಗಡಿ: ಭಾರ ಎಲ್ಲಿ ಇಳಿಯುತ್ತದೆ, ನೀರು ಎಲ್ಲಿ ನುಗ್ಗುತ್ತದೆ

ಕೆಳಗೆ ಅಂಗಡಿ, ಮೇಲೆ ಎರಡೋ ಮೂರೋ ಅಂತಸ್ತಿನ ಮನೆ, ಎಡಕ್ಕೂ ಬಲಕ್ಕೂ ಗೋಡೆಗೆ ಗೋಡೆ ಅಂಟಿದ ಅಂಥದ್ದೇ ಕಟ್ಟಡಗಳು. ಇಂಗ್ಲೆಂಡಿನ ಹಳೇ ಪೇಟೆ ಬೀದಿಗಳ ತುಂಬ ಇವೇ ಇವೆ. ಚರ್ಚು, ಅರಮನೆಗಳ ಮುಂದೆ ಇವನ್ನು ಯಾರೂ ನಿಂತು ನೋಡುವುದಿಲ್ಲ. ಆದರೆ ಹಳೇ ಕಟ್ಟಡದ ಸ್ಥಿತಿ ಅಳೆಯಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡೇ ಪ್ರಶ್ನೆ ಹಿಡಿದುಕೊಂಡರೆ ಸಾಕು, ಕಟ್ಟಡದ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಭಾರ ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತಿದೆ? ಮಳೆನೀರು ಯಾವ ದಾರಿಯಲ್ಲಿ ಹೊರಗೆ ಹೋಗುತ್ತಿದೆ?

ಮೊದಲು ರೂಪ ನೋಡೋಣ. ಅದನ್ನು ತಿದ್ದಿದ್ದು ಬೆಂಕಿಯ ಭಯ. 1666ರಲ್ಲಿ ಲಂಡನ್ ಸುಟ್ಟುಹೋಯಿತು. 1667ರ ಕಾಯ್ದೆ ಹೊರಗೋಡೆ ಇಟ್ಟಿಗೆಯದ್ದೋ ಕಲ್ಲಿನದ್ದೋ ಆಗಿರಲೇಬೇಕು ಎಂದಿತು. 1707ರಲ್ಲಿ ಸೂರಿನ ಕೆಳಗಿನ ಮರದ ಅಲಂಕಾರಪಟ್ಟಿ ಬೇಡ ಎಂದಾಯಿತು. ಹಾಗಾಗಿ ಮುಂದಿನ ಗೋಡೆಯನ್ನೇ ಮಾಡಿನಿಂದ ಮೇಲಕ್ಕೆ ಎಬ್ಬಿಸಿ ಪ್ಯಾರಾಪೆಟ್ ಮಾಡಿದರು. 1709ರ ಕಾಯ್ದೆ ಕಿಟಕಿ ಚೌಕಟ್ಟನ್ನು ಗೋಡೆಯ ಮುಖದಿಂದ 4 ಇಂಚು ಒಳಕ್ಕೆ ತಳ್ಳಿತು. 1774ರದ್ದು ಚೌಕಟ್ಟಿನ ಪೆಟ್ಟಿಗೆಯನ್ನು, ಅಂದರೆ ಮೇಲೆ ಕೆಳಗೆ ಜಾರುವ ಕಿಟಕಿಯ ತೂಕದ ಗುಂಡುಗಳಿರುವ ಪೊಳ್ಳು ಬದಿಗಳನ್ನು, ಇಟ್ಟಿಗೆಯ ಹಿಂದೆ ಅಡಗಿಸಿತು. ಅಂದರೆ ಕಿಟಕಿ ನೋಡಿಯೇ ಕಾಲ ಅಂದಾಜಿಸಬಹುದು, ಅಲ್ವಾ? ಸ್ವಲ್ಪ ತಡೆಯಿರಿ. ಇವು ಲಂಡನ್ನಿಗೆ ಮಾಡಿದ ಕಾಯ್ದೆಗಳು. ಬೇರೆ ಊರುಗಳಿಗೆ ಈ ಪದ್ಧತಿ ನಿಧಾನವಾಗಿ ಹಬ್ಬಿತು. ಕಿಟಕಿಯನ್ನು ಒಂದು ಸುಳಿವು ಎಂದಷ್ಟೇ ಇಟ್ಟುಕೊಳ್ಳಿ.

ಅಂಗಡಿಯ ಮುಂಭಾಗವನ್ನು ಮೇಲಿನ ಮನೆಯ ವಯಸ್ಸಿನದ್ದೇ ಎಂದು ಎಣಿಸಲೂಬೇಡಿ. ಮನೆಯಾಗಿ ಕಟ್ಟಿದ್ದಕ್ಕೆ ಆಮೇಲೆ ಅಂಗಡಿ ಸೇರಿಸಿದ್ದು ಎಷ್ಟೋ ಇವೆ. ಸಣ್ಣ ಸಣ್ಣ ಗಾಜು, ನಡುವೆ ತೆಳು ಮರದ ಪಟ್ಟಿಗಳು ಇದ್ದರೆ ಹಳೆಯದಿರಬಹುದು. 1845ರಲ್ಲಿ ಗಾಜಿನ ಮೇಲಿನ ಸುಂಕ ಹೋದ ಮೇಲೆ ದೊಡ್ಡ ಗಾಜು ಅಗ್ಗವಾಗುತ್ತ ಬಂತು, ಪಟ್ಟಿಗಳು ಕಡಿಮೆಯಾದವು. ಗಾಜಿನ ಕೆಳಗೆ ಮೋಟುಗೋಡೆ, ಎರಡು ಬದಿಗೆ ಗೋಡೆಗಂಟಿದ ಕಂಬ, ಅದರ ನೆತ್ತಿಯಲ್ಲಿ ಕೆತ್ತಿದ ಬ್ರಾಕೆಟ್, ನಡುವೆ ಅಂಗಡಿಯ ಹೆಸರಿನ ಹಲಗೆ, ಅದರ ಮೇಲೆ ಮುಂದಕ್ಕೆ ಚಾಚಿದ ಕಾರ್ನಿಸ್. ಇಷ್ಟನ್ನು ಗುರುತಿಸಿದರೆ ಸಾಕು.

ಈಗ ಆ ಹೆಸರಿನ ಹಲಗೆಯ ಹತ್ತಿರ ನಿಲ್ಲೋಣ. ಇಡೀ ಕಟ್ಟಡದ ಗುಟ್ಟು ಅದರ ಹಿಂದೆ ಇದೆ. ಮನೆಯ ಕೆಳಗೋಡೆಯನ್ನು ಒಡೆದು ಅಂಗಡಿಗೆ ಅಗಲವಾದ ಬಾಯಿ ತೆಗೆದಾಗ ಮೇಲಿನ ಇಟ್ಟಿಗೆ ಗೋಡೆ ಹೊರುವವರು ಯಾರು? ಅಡ್ಡಕ್ಕೆ ಮಲಗಿಸಿದ ಒಂದು ದಪ್ಪ ಮರದ ತೊಲೆ. ಇದನ್ನು ಬ್ರೆಸಮರ್ ಎನ್ನುತ್ತಾರೆ. ಅಷ್ಟು ಭಾರ ಹೊತ್ತ ಈ ತೊಲೆ ಯಾರ ಕಣ್ಣಿಗೂ ಕಾಣುವುದಿಲ್ಲ. ಮೇಲಿನ ಕಾರ್ನಿಸಿಗೆ ಸೀಸದ ಹೊದಿಕೆ ಇರಬೇಕು. ಅದು ಹರಿದಿದ್ದರೆ, ಕಳ್ಳರು ಕಿತ್ತುಕೊಂಡು ಹೋಗಿದ್ದರೆ, ನೀರು ನೆಟ್ಟಗೆ ತೊಲೆಯ ನೆತ್ತಿಗೆ ಇಳಿಯುತ್ತದೆ. ತೊಲೆಯ ಎರಡು ತುದಿಗಳು ಪಕ್ಕದ ಗೋಡೆಯೊಳಗೆ ಹೂತಿರುತ್ತವೆ. ಅಲ್ಲಿ ಗಾಳಿ ಆಡುವುದಿಲ್ಲ. ಲಡ್ಡಾಗುವುದು, ಅಂದರೆ ಮರ ಕೊಳೆತು ಮೆತ್ತಗಾಗುವುದು, ಶುರುವಾಗುವುದೇ ಅಲ್ಲಿಂದ.

ರಸ್ತೆಯ ಆ ಬದಿಯಲ್ಲಿ ನಿಂತು ನೋಡಿ. ಮೊದಲ ಅಂತಸ್ತಿನ ಕಿಟಕಿ ಹೊಸ್ತಿಲುಗಳು ನಡುವಿನ ಕಡೆಗೆ ವಾಲಿವೆಯೇ? ಇಟ್ಟಿಗೆ ಸಾಲು ನಡುವಲ್ಲಿ ಜೋತಿದೆಯೇ? ಕಿಟಕಿ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಹತ್ತಿದೆಯೇ? ಹೌದಾದರೆ ತೊಲೆ ಬಾಗಿದೆ. ಬಾಗಿದ ಮಾತ್ರಕ್ಕೆ ಬೀಳುತ್ತದೆ ಎಂದಲ್ಲ. ನೂರು ವರ್ಷದ ಹಿಂದೆ ಬಾಗಿ ಅಲ್ಲೇ ನಿಂತ ತೊಲೆಗಳೂ ಇವೆ. ಬಿರುಕಿನ ಅಂಚು ಚೂಪಾಗಿ, ಒಳಗೆ ಹೊಸದಾಗಿ ಕಂಡರೆ ಅದು ಈಗಲೂ ಚಲಿಸುತ್ತಿರಬಹುದು. ಒಳಗೆ ಧೂಳು, ಹಳೇ ಬಣ್ಣ ತುಂಬಿದ್ದರೆ ಸಾಮಾನ್ಯವಾಗಿ ಹಳೆಯದು. ಖಾತ್ರಿಗೆ ಬಿರುಕಿನ ಮೇಲೆ ಅಳತೆಪಟ್ಟಿ ಕೂರಿಸಿ ಋತುಗಳು ದಾಟುವವರೆಗೆ ಕಾಯಬೇಕು. ಹಾಗೆಯೇ ಹಲಗೆಯ ಒಂದು ತುಂಡು ಬಿಚ್ಚಿಸಿ ತೊಲೆಯ ತುದಿಗೆ ದಬ್ಬಳದಂಥ ಚೂಪು ಉಪಕರಣ ಚುಚ್ಚಿ ನೋಡಿ. ಗಟ್ಟಿ ಮರ ಅದನ್ನು ತಡೆಯುತ್ತದೆ. ಲಡ್ಡು ಮರದಲ್ಲಿ ಬೆಣ್ಣೆಗೆ ಚುಚ್ಚಿದಂತೆ ಇಳಿದುಹೋಗುತ್ತದೆ.

ಮಾಡಿಗೆ ಹೋಗೋಣ. ಲಂಡನ್ನಿನ ಸಾಲುಮನೆಗಳಲ್ಲಿ ಎರಡು ಇಳಿಜಾರು ಒಳಕ್ಕೇ ಬಾಗಿ, ನಡುವಿನ ದೋಣಿಯಲ್ಲಿ (ಮಳೆನೀರು ಹರಿಯುವ ಕಾಲುವೆಯಲ್ಲಿ) ಸೇರುವ ಮಾಡು ಜಾಸ್ತಿ. ಮುಂದಿನ ಪ್ಯಾರಾಪೆಟ್ ಇದನ್ನು ಪೂರ್ತಿ ಮರೆಮಾಡುತ್ತದೆ. ಇಡೀ ಮಾಡಿನ ನೀರು ಒಂದೇ ದೋಣಿಯಲ್ಲಿ ಹಿಂಭಾಗಕ್ಕೆ ಹೋಗಬೇಕು. ಎಲೆಯೋ ಸತ್ತ ಪಾರಿವಾಳವೋ ಬಾಯಿ ಕಟ್ಟಿದರೆ ನೀರು ಒಳಗೇ ಉಕ್ಕುತ್ತದೆ. ದೋಣಿಗೆ ಹಾಸಿದ ಸೀಸದ ತಗಡು ತೀರಾ ಉದ್ದವಾಗಿದ್ದರೂ ಕಷ್ಟ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿ ಸೀಳುತ್ತದೆ. ಮರದಲ್ಲಿ ತೇವ ಶೇಕಡಾ 20 ದಾಟಿ ಹಾಗೇ ಉಳಿದರೆ ಶಿಲೀಂಧ್ರಕ್ಕೆ ಜಾಗ ಸಿಕ್ಕಿತು ಎಂದೇ ಅರ್ಥ. ಅದರಲ್ಲೂ ಡ್ರೈ ರಾಟ್ ಎನ್ನುವುದು ಇಟ್ಟಿಗೆ ಗೋಡೆಯನ್ನೂ ದಾಟಿ ಹರಡುತ್ತದೆ. ಅದು ತಿಂದ ಮರ ಚೌಕ ಚೌಕವಾಗಿ ಬಿರಿಯುತ್ತದೆ.

ಮುಂದಿನ ಗೋಡೆ ಹೊರಕ್ಕೆ ಉಬ್ಬಿದ್ದರೆ ಪಾಯವನ್ನು ಬೈಯುವ ಮುಂಚೆ ಕಟ್ಟಿದ ರೀತಿ ನೋಡಿ. ಒಂದು ಉದ್ದ ಇಟ್ಟಿಗೆ, ಒಂದು ಅಡ್ಡ ಇಟ್ಟಿಗೆ ಎಂಬ ಫ್ಲೆಮಿಶ್ ಜೋಡಣೆ ಹೊರಗಿನಿಂದ ಚೆಂದ ಕಾಣುತ್ತದೆ. ಆದರೆ ದುಬಾರಿ ಮುಖದ ಇಟ್ಟಿಗೆ ಉಳಿಸಲು ಅಡ್ಡ ಇಟ್ಟಿಗೆಯನ್ನು ಅರ್ಧಕ್ಕೆ ಮುರಿದು ಇಟ್ಟವರೂ ಇದ್ದರು. ಆಗ ಹೊರಪದರಕ್ಕೂ ಒಳಪದರಕ್ಕೂ ಹಿಡಿತವೇ ಇಲ್ಲ. ಮುಂಗೋಡೆಗೂ ಪಕ್ಕದ ಗೋಡೆಗೂ ಸರಿಯಾದ ಬೆಸುಗೆ ಇಲ್ಲದಿರುವುದೂ ಮಾಮೂಲು. ಗೋಡೆಯ ಮೇಲೆ ಎಕ್ಸ್ ಅಥವಾ ಎಸ್ ಆಕಾರದ ಕಬ್ಬಿಣದ ಫಲಕ ಕಂಡರೆ, ಹಿಂದೆ ಯಾರೋ ಉಬ್ಬನ್ನು ಗಮನಿಸಿ ಒಳಗಿನಿಂದ ಸರಳು ಎಳೆದು ಬಿಗಿದಿದ್ದಾರೆ.

ಈ ಗೋಡೆಗಳಿಗೆ ಹಾಕಿದ್ದು ಸುಣ್ಣದ ಗಾರೆ. ಅದು ಮೆದು. ಒಳಗಿನ ತೇವ ಗಾರೆಯ ಮೂಲಕ ಹೊರಗೆ ಆರುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ಆ ದಾರಿ ಮುಚ್ಚಿಹೋಗುತ್ತದೆ. ತೇವವೆಲ್ಲ ಇಟ್ಟಿಗೆಯಲ್ಲೇ ನಿಲ್ಲುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಇಟ್ಟಿಗೆಯ ಮುಖ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಈ ರಿಪೇರಿಯಿಂದ ಹಾಳಾದ ಗೋಡೆಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಕೇಡು ಮಾತ್ರ ಮೇಲಿನ ಅಂತಸ್ತು ಖಾಲಿ ಬೀಳುವುದು. ಅಂಗಡಿಗೆ ಜಾಗ ಬೇಕೆಂದು ಮೆಟ್ಟಿಲನ್ನೇ ಕಿತ್ತುಹಾಕಿದ ಕಟ್ಟಡಗಳಿವೆ. ಆಮೇಲೆ ಮೇಲಕ್ಕೆ ಹೋಗುವವರೇ ಇಲ್ಲ. ಸೋರಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಕೆಳಗೆ ವ್ಯಾಪಾರ ನಡೆಯುತ್ತಿರುತ್ತದೆ, ಮೇಲೆ ಜಂತೆಗಳು ಕೊಳೆಯುತ್ತಿರುತ್ತವೆ. ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಮೆಟ್ಟಿಲು ಕೀಳುವ ಇಂಥ ಕೆಲಸಕ್ಕೆ ಮೊದಲೇ ಅನುಮತಿ ಬೇಕು. 1990ರ ಕಾಯ್ದೆಯ ಪ್ರಕಾರ ರಕ್ಷಣೆ ಮುಖಕ್ಕೆ ಮಾತ್ರವಲ್ಲ, ಒಳಭಾಗಕ್ಕೂ ಇದೆ. ಅನುಮತಿ ಇಲ್ಲದೆ ಮಾಡುವುದು ಅಪರಾಧ. ಪಟ್ಟಿಯಲ್ಲಿರುವ ಕಟ್ಟಡಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಎರಡನೇ ದರ್ಜೆಯವು. ಇಂಥ ಅಂಗಡಿಗಳು ಸಿಗುವುದೂ ಹೆಚ್ಚಾಗಿ ಅದೇ ದರ್ಜೆಯಲ್ಲಿ.

ನಡುಗೋಡೆ ಎರಡೂ ಕಡೆಯವರದ್ದು. ಅದನ್ನು ಮುಟ್ಟುವ ಮುಂಚೆ 1996ರ ಪಾರ್ಟಿ ವಾಲ್ ಕಾಯ್ದೆಯಂತೆ ಪಕ್ಕದವರಿಗೆ ನೋಟಿಸ್ ಕೊಡಬೇಕು. ಪಕ್ಕದ ಕಟ್ಟಡ ಕೆಡವಿದ್ದರೆ ಆ ಬದಿಯನ್ನು ವಿಶೇಷವಾಗಿ ನೋಡಿ. ಮಳೆಗೆ ಒಡ್ಡಲೆಂದು ಕಟ್ಟಿದ ಗೋಡೆ ಅದಲ್ಲ.

ವರದಿಯಲ್ಲಿ ರಿಪೇರಿಯ ಕ್ರಮ ಬರೆಯುವಾಗ ಮೇಲಿನಿಂದ ಕೆಳಕ್ಕೆ ಬನ್ನಿ: ದೋಣಿ, ಪ್ಯಾರಾಪೆಟ್, ಕಾರ್ನಿಸಿನ ಸೀಸ, ಆಮೇಲೆ ತೊಲೆ. ಅಂಗಡಿಯ ಬಣ್ಣ ಕೊನೆಗೆ. ತೊಲೆ ಇಂದೋ ನಾಳೆಯೋ ಎನ್ನುವಂತಿದ್ದರೆ ಮಾತ್ರ ಮೊದಲು ಆನಿಕೆ ಕೊಡಬೇಕು. ಸೋರಿಕೆ ನಿಲ್ಲಿಸಿದ ಕೂಡಲೇ ಒಳಗೆ ಗಿಲಾವು ಮಾಡಲು ಅವಸರಪಡಬೇಡಿ. ಒದ್ದೆ ಗೋಡೆ ಒಂದು ಇಂಚು ಒಣಗಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು ಎಂಬ ಲೆಕ್ಕವಿದೆ. 9 ಇಂಚಿನ ಗೋಡೆಗೆ ಎಷ್ಟು ಕಾಯಬೇಕು ಎಂಬುದನ್ನು ಮಾಲೀಕರಿಗೆ ಮೊದಲ ದಿನವೇ ಹೇಳಿಬಿಡಿ.