ಕೆನ್ನೆಯ ಮೇಲಿನ ಮಾಯದ ಹಕ್ಕಳೆ: ಮುಲಾಮು ಸಾಕೇ?

ಜನವರಿಯ ಚಳಿಯಲ್ಲಿ ಕಣದ ತುಂಬ ಕಾಫಿ ಹರವಿ ದಿನವಿಡೀ ತಿರುವಿಹಾಕುವವರಿಗೆ ಬಿಸಿಲು ಹಿತವಾಗಿಯೇ ಇರುತ್ತದೆ. ಆದರೆ ಸಾವಿರ ಮೀಟರ್ ಮೇಲೇರಿದರೆ ಅತಿನೇರಳೆ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಮಡಿಕೇರಿ ಇರುವುದು 1,100 ಮೀಟರಿಗೂ ಮೇಲೆ. ನಮ್ಮ ಕಂದು ಚರ್ಮಕ್ಕೆ ಮೆಲನಿನ್ ಎಂಬ ಬಣ್ಣದ ಕಾವಲಿದೆ, ಚರ್ಮದ ಕ್ಯಾನ್ಸರ್ ಅಪರೂಪ. ಅಪರೂಪವಾದ್ದರಿಂದಲೇ ಯಾರಿಗೂ ಅನುಮಾನ ಬರುವುದಿಲ್ಲ. ಅದರಲ್ಲಿ ಬೇಸಲ್ ಸೆಲ್ ಕ್ಯಾನ್ಸರ್ ಎಂಬ ಬಗೆ ನಮ್ಮಲ್ಲಿ ಹೆಚ್ಚಾಗಿ ಕಪ್ಪಗಿರುತ್ತದೆ. ಅಂಚಿನಲ್ಲಿ ಮಣಿ ಪೋಣಿಸಿದಂಥ ಹೊಳಪು, ನಡುವೆ ಹಕ್ಕಳೆ. ಉದುರುತ್ತದೆ, ರಕ್ತ ಜಿನುಗುತ್ತದೆ, ಮತ್ತೆ ಕಟ್ಟುತ್ತದೆ. ಮಚ್ಚೆಯೆಂದು ಸುಣ್ಣ ಹಚ್ಚಿ ಸುಡಬೇಡಿ. ಮೇಲೆ ಮಾಯ್ದರೂ ಒಳಗೆ ಬೆಳೆಯುತ್ತಲೇ ಇರುತ್ತದೆ.

ಕ್ಯಾನ್ಸರ್ ಮೇಲ್ಪದರದಲ್ಲೇ ಇದ್ದರೆ ಕೊಯ್ಯದೆಯೂ ಗುಣಪಡಿಸಬಹುದು. ಆಳ ಕಣ್ಣಳತೆಗೆ ಸಿಗುವುದಿಲ್ಲ. ಮೊದಲು ಬಯಾಪ್ಸಿ ಆಗಲೇಬೇಕು. ಮರಗಟ್ಟಿಸಿ 3-4 ಮಿ.ಮೀ. ಚೂರು ತೆಗೆಯುತ್ತಾರೆ, ಅಷ್ಟೆ.

ಶೇ. 5ರ ಇಮಿಕ್ವಿಮಾಡ್ ಮುಲಾಮು ದೇಹದ ರೋಗನಿರೋಧಕ ಕೋಶಗಳನ್ನೇ ಗಡ್ಡೆಯ ಮೇಲೆ ಎಬ್ಬಿಸುತ್ತದೆ. ವಾರಕ್ಕೆ 5 ರಾತ್ರಿ, 6 ವಾರ. ಸುತ್ತ 1 ಸೆಂ.ಮೀ. ಚರ್ಮಕ್ಕೂ ಸೇರಿಸಿ ತೆಳುವಾಗಿ ಹಚ್ಚಿ, 8 ಗಂಟೆಯ ಬಳಿಕ ಸೋಪಿನಿಂದ ತೊಳೆಯಬೇಕು. ಎರಡು-ಮೂರನೇ ವಾರಕ್ಕೆ ಜಾಗ ಕೆಂಪೇರಿ, ಹಸಿಯಾಗಿ, ಹಕ್ಕಳೆಗಟ್ಟುತ್ತದೆ. "ಅಲರ್ಜಿ ಆಯ್ತು" ಅಂತ ಬಹಳ ಮಂದಿ ಬಿಟ್ಟುಬಿಡುವುದು ಇಲ್ಲೇ. ಅದು ಮದ್ದು ಕೆಲಸ ಮಾಡುತ್ತಿರುವ ಗುರುತು. ತಾಳಲಾಗದಿದ್ದರೆ ವೈದ್ಯರೇ ಕೆಲವು ದಿನ ಬಿಡುವು ಕೊಡುತ್ತಾರೆ. ಕೀವು, ಜ್ವರ ಬಂದರೆ ಮಾತ್ರ ಕಾಯಬೇಡಿ.

ಇನ್ನೊಂದು ಮುಲಾಮು ಶೇ. 5ರ ಫ್ಲೋರೋಯುರಾಸಿಲ್. ದಿನಕ್ಕೆ ಎರಡು ಸಲ, 3ರಿಂದ 6 ವಾರ. ಗರ್ಭಿಣಿಯರಿಗೆ ಸಲ್ಲದು. ಮನೆಯಲ್ಲಿ ನಾಯಿ ಇದ್ದರೆ ಟ್ಯೂಬನ್ನು ಎತ್ತರದಲ್ಲಿಡಿ, ಮುಖ ನೆಕ್ಕಲು ಬಿಡಬೇಡಿ. ಸ್ವಲ್ಪ ನೆಕ್ಕಿದರೂ ನಾಯಿ ಸಾಯಬಹುದು. ಫೋಟೋಡೈನಾಮಿಕ್ ಚಿಕಿತ್ಸೆಯಲ್ಲಿ ಮುಲಾಮು ಹಚ್ಚಿ 3 ಗಂಟೆ ಮುಚ್ಚಿಟ್ಟು ಕೆಂಪು ಬೆಳಕು ಹಾಯಿಸುತ್ತಾರೆ. ವಾರ ಬಿಟ್ಟು ಇನ್ನೊಮ್ಮೆ. ನೆದರ್‌ಲೆಂಡ್ಸಿನಲ್ಲಿ ಮೂರನ್ನೂ ಹೋಲಿಸಿ ನೋಡಿದಾಗ, 5 ವರ್ಷದ ನಂತರ ಕ್ಯಾನ್ಸರ್ ಇಲ್ಲದವರು ಇಮಿಕ್ವಿಮಾಡ್‌ನಲ್ಲಿ ಶೇ. 80, ಫ್ಲೋರೋಯುರಾಸಿಲ್‌ನಲ್ಲಿ 70, ಬೆಳಕಿನ ಚಿಕಿತ್ಸೆಯಲ್ಲಿ 63.

ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು ಬೇಗ ಮುಗಿಯುತ್ತದೆ, ಆದರೆ ಕಂದು ಮುಖದಲ್ಲಿ ಬಿಳಿ ಕಲೆ ಉಳಿಯಬಹುದು. ಶಸ್ತ್ರಕ್ರಿಯೆ ತಾಳದ ಹಿರಿಯರಿಗೆ ವಿಕಿರಣ ಒಳ್ಳೆಯದು. ಆದರೆ ಹಲವು ಸಲ ಹೋಗಬೇಕು, ಮಡಿಕೇರಿಯಿಂದ ಮೈಸೂರಿಗೆ 120 ಕಿ.ಮೀ. ಎಂಬುದನ್ನು ಮೊದಲೇ ಲೆಕ್ಕಹಾಕಿಕೊಳ್ಳಿ.

ಮೂಗು, ರೆಪ್ಪೆ, ತುಟಿ, ಕಿವಿಯ ಗಡ್ಡೆಗೆ ಮುಲಾಮನ್ನು ನಂಬಿ ಕೂರಬಾರದು. ಬೇರೊಂದು ಅಧ್ಯಯನದಲ್ಲಿ, ಅಪಾಯ ಕಡಿಮೆಯಿರುವ ಗಡ್ಡೆಗಳಲ್ಲೂ ಶಸ್ತ್ರಕ್ರಿಯೆಯ ಯಶಸ್ಸು 5 ವರ್ಷಕ್ಕೆ ಶೇ. 98ರ ಹತ್ತಿರ, ಇಮಿಕ್ವಿಮಾಡಿನದು 82. ಯಾವುದನ್ನೇ ಆರಿಸಿಕೊಂಡರೂ ಮದ್ದು ಮುಗಿದ 12 ವಾರಕ್ಕೆ ತೋರಿಸಿ. ಉರಿ ಇಳಿದ ಮೇಲಷ್ಟೇ ಉಳಿದದ್ದು ಕಲೆಯೋ ಕ್ಯಾನ್ಸರೋ ಎಂದು ತಿಳಿಯುತ್ತದೆ.