ಪಾತ್ರೆಯ ತಳದ 18/8

ಅಡುಗೆಮನೆಯ ಒಂದು ಒಳ್ಳೆಯ ಸ್ಟೀಲ್ ಪಾತ್ರೆಯನ್ನು ಬೋರಲು ಹಾಕಿ ನೋಡಿ. ತಳದಲ್ಲಿ 18/8 ಅಂತಲೋ 304 ಅಂತಲೋ ಒತ್ತಿರಬಹುದು. ಮದುವೆಗೆ ಉಡುಗೊರೆ ಬಂದದ್ದಾದರೆ ಕೊಟ್ಟವರ ಹೆಸರು, ತಾರೀಖು ಕೂಡ ಕೊರೆದಿರುತ್ತದೆ, ಅದು ಬೇರೆ ಮಾತು. 18 ಅಂದರೆ ನೂರಕ್ಕೆ 18 ಪಾಲು ಕ್ರೋಮಿಯಂ. 8 ಅಂದರೆ 8 ಪಾಲು ನಿಕಲ್. ತುಕ್ಕು ಹಿಡಿಯದಂತೆ ಕಾಯುವುದು ಮುಖ್ಯವಾಗಿ ಕ್ರೋಮಿಯಂ. ಅಯಸ್ಕಾಂತ ಹಿಡಿದರೆ ಅಂಟದೆ ಜಾರುತ್ತದಲ್ಲ, ಅದು ನಿಕಲ್‌ನ ಕೆಲಸ. ಅಗ್ಗದ ಪಾತ್ರೆಗಳಲ್ಲಿ ಮ್ಯಾಂಗನೀಸ್ ಸೇರಿಸಿ ನಿಕಲ್ ಕಡಿಮೆ ಮಾಡಿರುತ್ತಾರೆ.

ಜಗತ್ತಿನಲ್ಲಿ ಸಿಗುವ ನಿಕಲ್‌ನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇಂಥ ಸ್ಟೀಲಿಗೇ ಹೋಗುತ್ತದೆ. ಈಚೆಗೆ ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿಗೂ ಅದು ಬೇಕಾಗಿದೆ. ಗಣಿಯಿಂದ ಬರುವ ನಿಕಲ್‌ನಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಇಂಡೊನೇಷ್ಯಾ ಒಂದರಿಂದಲೇ ಬರುತ್ತದೆ. ಹತ್ತು ಹನ್ನೆರಡು ವರ್ಷಗಳ ಹಿಂದೆ ಹೀಗಿರಲಿಲ್ಲ. ಈ ಬದಲಾವಣೆ ತಂದದ್ದು ಹೊರಗಿನ ದುಡ್ಡು, ಅದರಲ್ಲೂ ಚೀನಾದ ದುಡ್ಡು. ಬಡ ದೇಶಕ್ಕೆ ವಿದೇಶಿ ಬಂಡವಾಳ ಬಂದರೆ ಹೊಗೆ ಹೆಚ್ಚುತ್ತದೋ ಕಡಿಮೆಯಾಗುತ್ತದೋ ಅನ್ನುವ ಹಳೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಲು ಆ ಮಣ್ಣನ್ನು ನೋಡೋಣ. ಮಲೆನಾಡಿನವರಿಗೆ, ಕರಾವಳಿಯವರಿಗೆ ಅದು ಅಪರಿಚಿತವೇನಲ್ಲ. ನಮ್ಮ ಜಂಬಿಟ್ಟಿಗೆಯ ದಾಯಾದಿ ಅದು. ಬಿಸಿಲು, ಮಳೆ ಎರಡೂ ಜೋರಾಗಿರುವ ಕಡೆ ಲಕ್ಷಾಂತರ ವರ್ಷ ಮಳೆನೀರು ಬಂಡೆಯನ್ನು ತೊಳೆಯುತ್ತದೆ. ಕರಗುವುದೆಲ್ಲ ಕರಗಿ ಹರಿದುಹೋಗಿ ಕಬ್ಬಿಣದ ಕೆಂಪು ಉಳಿಯುತ್ತದೆ. ಇದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಲ್ಯಾಟರೈಟ್. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ಇರುವ ಪದದಿಂದ ಬಂದದ್ದು. ನಮ್ಮ ಪದದೊಳಗೂ ಇಟ್ಟಿಗೆಯೇ ಕೂತಿದೆ, ನೋಡಿ. ಇಂಡೊನೇಷ್ಯಾದ ಸುಲವೇಸಿ ದ್ವೀಪದಲ್ಲಿ ಹೀಗೆ ಸವೆದ ಬಂಡೆಯೊಳಗೆ ನಿಕಲ್ ಇತ್ತು. ಹಾಗಾಗಿ ಅಲ್ಲಿನ ಕೆಂಪು ಮಣ್ಣಿನಲ್ಲಿ ನೂರಕ್ಕೆ ಒಂದೂವರೆ, ಎರಡು ಪಾಲು ನಿಕಲ್ ಉಳಿದಿದೆ.

ಅಂದರೆ ಒಂದು ಟನ್ ನಿಕಲ್ ಬೇಕಾದರೆ ಸುಮಾರು 60 ಟನ್ ಒಣ ಮಣ್ಣು ಬೇಕು. ಅಗೆದು ತಂದ ಮಣ್ಣು ಒದ್ದೆಯಾಗಿಯೇ ಇರುತ್ತದೆ, ತೂಕದಲ್ಲಿ ಮೂರರಲ್ಲೊಂದು ಪಾಲು ನೀರು. ಮೊದಲು ಅದನ್ನು ಉದ್ದನೆಯ ಉರುಳುವ ಗೂಡಿನಲ್ಲಿ ಕಲ್ಲಿದ್ದಲು ಉರಿಸಿ ಒಣಗಿಸಬೇಕು, ಸುಡಬೇಕು. ಆಮೇಲೆ ವಿದ್ಯುತ್ ಕುಲುಮೆಗೆ ಹಾಕಿ ಸುಮಾರು 1,500 ಡಿಗ್ರಿಯಲ್ಲಿ ಕರಗಿಸಬೇಕು. ನಿಕಲ್ ಅಷ್ಟನ್ನೇ ಆರಿಸಿ ಕರಗಿಸುವ ಹಾಗಿಲ್ಲ. ಬೇಡದ ಮಣ್ಣೂ ಜೊತೆಯಲ್ಲೇ ಕರಗಬೇಕು. ಎರಡು ಕಾಳು ಬೇಯಿಸೋಕೆ ನೂರು ಕಾಳಿನ ಹಂಡೆಯನ್ನೇ ಕುದಿಸಿದ ಹಾಗೆ.

ಇಷ್ಟು ಕರೆಂಟು ಎಲ್ಲಿಂದ ತರುವುದು? ಇಂಥ ಕುಲುಮೆಗಳ ದೊಡ್ಡ ಕೇಂದ್ರವಾದ ಮೊರೊವಾಲಿ ಇರುವುದು ಮಧ್ಯ ಸುಲವೇಸಿಯ ಸಮುದ್ರದಂಚಿನಲ್ಲಿ. ಮೀನುಗಾರರ ಹಳ್ಳಿಗಳ ಪ್ರದೇಶ, ದೊಡ್ಡ ವಿದ್ಯುತ್ ಜಾಲವೇ ಇರಲಿಲ್ಲ. ಇಂಡೊನೇಷ್ಯಾದಲ್ಲಿ ಕಲ್ಲಿದ್ದಲಿಗೇನೂ ಬರವಿಲ್ಲ. ಕಾರ್ಖಾನೆಯವರು ತಮಗೆ ಬೇಕಾದ ಕಲ್ಲಿದ್ದಲು ಸ್ಥಾವರಗಳನ್ನು ತಾವೇ ಕಟ್ಟಿಕೊಂಡರು. ದೇಶದಲ್ಲಿ ಹೀಗೆ ಕಾರ್ಖಾನೆಗಳೇ ಕಟ್ಟಿಕೊಂಡ ಸ್ಥಾವರಗಳ ಸಾಮರ್ಥ್ಯ ಈಗ 10,000 ಮೆಗಾವಾಟ್ ದಾಟಿದೆ. ಬಹುಪಾಲು ಲೋಹ ಕರಗಿಸುವುದಕ್ಕೇ. ನಮ್ಮ ರಾಯಚೂರು ಉಷ್ಣ ವಿದ್ಯುತ್ ಕೇಂದ್ರ 1,720 ಮೆಗಾವಾಟಿನದು. ಅಂಥವು ಸುಮಾರು ಆರು. ಶಕ್ತಿನಗರದ ಕಡೆ ಹೋಗಿ ಹಾರುಬೂದಿ ಕಂಡವರಿಗೆ ನಾನೇನೂ ಬಿಡಿಸಿ ಹೇಳಬೇಕಿಲ್ಲ.

ಇದೆಲ್ಲ ಶುರುವಾದದ್ದು 2013ರಲ್ಲಿ, ಮೊರೊವಾಲಿ ಕೈಗಾರಿಕಾ ಪಾರ್ಕಿನ ಒಪ್ಪಂದದೊಂದಿಗೆ. ಚೀನಾದ ಸ್ಟೀಲ್ ಕಂಪನಿ ತ್ಸಿಂಗ್‌ಶಾನ್ ಅದರ ಮುಖ್ಯ ಪಾಲುದಾರ. 2014ರಲ್ಲಿ ಇಂಡೊನೇಷ್ಯಾ ಹಸಿ ಅದಿರನ್ನು ಹೊರಗೆ ಕಳಿಸುವುದನ್ನು ನಿಷೇಧಿಸಿತು. ನಡುವೆ ಸ್ವಲ್ಪ ಸಡಿಲ ಬಿಟ್ಟು, 2020ರ ಜನವರಿಯಿಂದ ಪೂರ್ತಿ ಬಾಗಿಲು ಹಾಕಿತು. ನಮ್ಮ ನಿಕಲ್ ಬೇಕಾ? ಇಲ್ಲೇ ಬಂದು ಕಾರ್ಖಾನೆ ಹಾಕಿ, ಅಂತ. ಯುರೋಪಿನವರು ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟರು. 2022ರಲ್ಲಿ ತೀರ್ಪು ಇಂಡೊನೇಷ್ಯಾದ ವಿರುದ್ಧ ಬಂತು. ಅದು ಜಗ್ಗಲಿಲ್ಲ, ಮೇಲ್ಮನವಿ ಹಾಕಿತು.

ನನಗೆ ಇದು ತಪ್ಪು ಅಂತ ಅನ್ನಿಸುವುದಿಲ್ಲ. ಬಳ್ಳಾರಿಯ ಅದಿರು ಲಾರಿ ಲಾರಿಯಾಗಿ ಬಂದರಿಗೆ ಹೋಗಿ ಚೀನಾದ ಹಡಗು ಹತ್ತಿದ್ದನ್ನು ನಾವೇ ಕಂಡಿದ್ದೇವೆ. ರಸ್ತೆ ಹಾಳಾಯಿತು, ಹೊಲದ ಮೇಲೆ ಧೂಳು ಕೂತಿತು, ಲೋಹ ಮಾಡಿ ಬರುವ ಲಾಭ ಬೇರೆಯವರದಾಯಿತು. ಕರ್ನಾಟಕವೂ 2010ರಲ್ಲಿ ಅದಿರಿನ ರಫ್ತು ನಿಲ್ಲಿಸಿತು. ಇಂಡೊನೇಷ್ಯಾ ಕೇಳಿದ್ದೂ ಸಹಜವಾದದ್ದೇ: ಕೆಲಸ, ಸಂಬಳ, ಸಿದ್ಧ ಲೋಹದ ಬೆಲೆ. ಅವೆಲ್ಲ ಅದಕ್ಕೆ ಸಿಕ್ಕವು ಕೂಡ. ಆದರೆ ಕುಲುಮೆಯ ಜೊತೆ ಹೊಗೆಯೂ ಬಂತು. ಗುಡ್ಡ ಬೋಳಾಗಿ, ಮಳೆಗಾಲದಲ್ಲಿ ಸಮುದ್ರದಂಚಿನ ನೀರು ಕೆಂಪಾಯಿತು. 2023ರ ಡಿಸೆಂಬರ್ 24ರಂದು ಪಾರ್ಕಿನ ಒಂದು ಕುಲುಮೆ ದುರಸ್ತಿ ಮಾಡುವಾಗ ಸ್ಫೋಟವಾಗಿ 21 ಕಾರ್ಮಿಕರು ಸತ್ತರು.

ಇಂಥದ್ದನ್ನು ಕೇಳಿದ ತಕ್ಷಣ ನಮ್ಮ ಬಾಯಿಗೆ ಬರುವ ವಿವರಣೆ ಒಂದೇ: ಶ್ರೀಮಂತ ದೇಶಗಳಲ್ಲಿ ಕಾನೂನು ಬಿಗಿ, ಅದಕ್ಕೇ ಕೊಳಕು ಕಾರ್ಖಾನೆಗಳನ್ನು ನಮ್ಮಂಥವರ ಅಂಗಳಕ್ಕೆ ಸಾಗಿಸುತ್ತಾರೆ. ಹಾಗೆ ನಡೆದದ್ದೂ ಇದೆ. 1980ರ ದಶಕದ ಮೊದಲಲ್ಲಿ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್‌ನಲ್ಲಿದ್ದ ಪಾದರಸದ ಥರ್ಮಾಮೀಟರ್ ಕಾರ್ಖಾನೆ ಯಂತ್ರಗಳ ಸಮೇತ ಕೊಡೈಕೆನಾಲ್‌ಗೆ ಬಂತು. ಪಾಂಡ್ಸ್ ಅದನ್ನು ಶುರುಮಾಡಿತ್ತು, ಆಮೇಲೆ ಅದು ಹಿಂದೂಸ್ತಾನ್ ಲಿವರ್ ಕೈಗೆ ಹೋಯಿತು. 2001ರಲ್ಲಿ ಪಾದರಸ ಅಂಟಿದ ಒಡೆದ ಗಾಜು ಪೇಟೆಯ ಗುಜರಿ ಅಂಗಡಿಯಲ್ಲಿ ಟನ್ನುಗಟ್ಟಲೆ ಬಿದ್ದಿರುವುದು ಬಯಲಾದ ಮೇಲೆ ಬಾಗಿಲು ಮುಚ್ಚಿತು. 591 ಮಾಜಿ ಕಾರ್ಮಿಕರೊಂದಿಗೆ ಒಪ್ಪಂದ ಆಗಿದ್ದು 2016ರಲ್ಲಿ. ಹದಿನೈದು ವರ್ಷ!

ಆದರೆ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದಾಗ ಇಂಥ ವಲಸೆ ಅಂದುಕೊಂಡಷ್ಟು ಕಾಣಲಿಲ್ಲ. ಕಾರಣ ಸರಳ. ಬಹಳಷ್ಟು ಉದ್ಯಮಗಳಲ್ಲಿ ಮಾಲಿನ್ಯ ತಡೆಯುವ ಖರ್ಚು ಒಟ್ಟು ಖರ್ಚಿನಲ್ಲಿ ಶೇಕಡ ಒಂದೆರಡು ಮಾತ್ರ. ಅಷ್ಟು ಉಳಿಸೋಕೆ ಯಾರೂ ಸುಮ್ನೆ ಸಮುದ್ರ ದಾಟಿ ಬರುವುದಿಲ್ಲ. ಅದಿರು, ಕೂಲಿ, ಬಂದರು, ಮಾರುಕಟ್ಟೆ, ಇವುಗಳ ತೂಕ ಜಾಸ್ತಿ. ತ್ಸಿಂಗ್‌ಶಾನ್ ಮೊರೊವಾಲಿಗೆ ಬಂದದ್ದೂ ಅದಿರಿಗಾಗಿಯೇ.

1991ರಲ್ಲಿ ಜೀನ್ ಗ್ರಾಸ್‌ಮನ್ ಮತ್ತು ಅಲನ್ ಕ್ರೂಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು, ಅಮೆರಿಕ ಮತ್ತು ಮೆಕ್ಸಿಕೊ ನಡುವಿನ ಮುಕ್ತ ವ್ಯಾಪಾರದ ಚರ್ಚೆ ಕಾವೇರಿದ್ದಾಗ, ಈ ಪ್ರಶ್ನೆಯನ್ನು ಮೂರು ಎಳೆಯಾಗಿ ಬಿಡಿಸಿದರು. ನಮ್ಮೂರಿನ ಹೋಟೆಲಿನಲ್ಲಿಟ್ಟು ನೋಡಿದರೆ ಅದು ಹೀಗೆ. ಯಾರೋ ಹೊರಗಿನವರು ಹೋಟೆಲಿಗೆ ದುಡ್ಡು ಹಾಕಿದರು. ಗಿರಾಕಿಗಳು ಜಾಸ್ತಿಯಾದರು, ಒಲೆ ಹೊತ್ತುಗೊತ್ತಿಲ್ಲದೆ ಉರಿಯಿತು, ಹೊಗೆ ಏರಿತು. ಆಮೇಲೆ ತಿಂಡಿಯ ಪಟ್ಟಿ ಬದಲಾಯಿತು. ಇಡ್ಲಿ ಹೋಗಿ ದಿನವಿಡೀ ಬೋಂಡಾ ಕರಿಯತೊಡಗಿದರೆ ಗೋಡೆಗೆ ಜಿಡ್ಡು ಹೆಚ್ಚು. ಮೂರನೆಯದು ಒಲೆ. ಹೊಸ ದುಡ್ಡಿನಲ್ಲಿ ಸೌದೆ ಒಲೆ ತೆಗೆದು ಗ್ಯಾಸ್ ಒಲೆ ಇಟ್ಟರೆ ಹೊಗೆ ಇಳಿಯುತ್ತದೆ. ಒಟ್ಟು ಎಷ್ಟು, ಏನನ್ನು, ಹೇಗೆ: ಮೂರನ್ನೂ ಕೂಡಿ ಕಳೆದರೆ ಮಾತ್ರ ಉತ್ತರ.

ಒಲೆಯ ವಿಷಯದಲ್ಲಿ ವಿದೇಶಿ ಕಂಪನಿಗಳಿಗೆ ಹೆಸರು ಕೆಟ್ಟಿಲ್ಲ. ಗುನ್ನಾರ್ ಎಸ್ಕೆಲಂಡ್ ಮತ್ತು ಆನ್ ಹ್ಯಾರಿಸನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೆಕ್ಸಿಕೊ, ವೆನೆಜುವೆಲಾ, ಮೊರಾಕ್ಕೊ, ಐವರಿ ಕೋಸ್ಟ್‌ಗಳ ಕಾರ್ಖಾನೆಗಳನ್ನು ನೋಡಿದರು. ವಿದೇಶಿ ಒಡೆತನದವು ಅಲ್ಲಿನವರ ಕಾರ್ಖಾನೆಗಳಿಗಿಂತ ಕಡಿಮೆ ಇಂಧನ ಬಳಸುತ್ತಿದ್ದವು. ಇದ್ದುದರಲ್ಲಿ ಚೊಕ್ಕಟ ಇಂಧನ ಬಳಸುತ್ತಿದ್ದವು. ಮೊರೊವಾಲಿಯ ಗೂಡುಗಳೂ ಹೊಸವೇ. ಆದರೆ ಈ ಮಿತವ್ಯಯ ಒಂದೊಂದು ಟನ್ನಿನ ಲೆಕ್ಕ. ಆಕಾಶ ಟನ್ನಿಗೆ ಇಷ್ಟು ಅಂತ ಎಣಿಸುವುದಿಲ್ಲ, ಒಟ್ಟು ಎಣಿಸುತ್ತದೆ. ಅಲ್ಲದೆ ಒಲೆ ಎಷ್ಟೇ ಹೊಸದಾದರೂ ಅದಕ್ಕೆ ಹಾಕುವುದು ಕಲ್ಲಿದ್ದಲೇ ಆದರೆ ಏನು ಬಂತು?

ಗ್ರಾಸ್‌ಮನ್ ಮತ್ತು ಕ್ರೂಗರ್ ಇನ್ನೊಂದನ್ನೂ ಗಮನಿಸಿದ್ದರು. ಜನರ ಆದಾಯ ಏರುತ್ತ ಹೋದಾಗ ನಗರಗಳ ಗಂಧಕದ ಹೊಗೆ ಮೊದಲು ಏರಿ ಆಮೇಲೆ ಇಳಿಯುತ್ತದೆ. ಹೊಟ್ಟೆ ತುಂಬಿದ ಮೇಲೆ ಜನ ಒಳ್ಳೆಯ ಗಾಳಿ ಕೇಳುತ್ತಾರೆ ಅಂತ ಇದರ ಅರ್ಥ. ಇದನ್ನು ಹಿಡಿದು, ಮೊದಲು ಬೆಳೆಯೋಣ, ಆಮೇಲೆ ಗುಡಿಸೋಣ ಅನ್ನುವವರು ಬೇಕಾದಷ್ಟು ಜನ. ಕಾರ್ಬನ್ ಡೈಆಕ್ಸೈಡ್ ವಿಷಯದಲ್ಲಿ ಈ ಸಮಾಧಾನವನ್ನು ನಂಬಿ ಕೂರುವಂತಿಲ್ಲ. ಗಂಧಕದ ಹೊಗೆ ನಮ್ಮದೇ ಮೂಗಿಗೆ ಬಡಿಯುತ್ತದೆ, ನಾವೇ ಬೀದಿಗಿಳಿದು ಗಲಾಟೆ ಮಾಡುತ್ತೇವೆ. ಕಾರ್ಬನ್ ಡೈಆಕ್ಸೈಡ್‌ಗೆ ವಾಸನೆಯೂ ಇಲ್ಲ, ಊರೂ ಇಲ್ಲ. ಅದರ ಲೆಕ್ಕವನ್ನು ಬರೆಯುವುದೂ ಹೊಗೆ ಎದ್ದ ದೇಶದ ಹೆಸರಿಗೆ. ಸ್ಟೀಲು ಯಾರ ಅಡುಗೆಮನೆ ಸೇರಿತು ಅಂತ ಯಾರೂ ಕೇಳುವುದಿಲ್ಲ.

ಹೊರಗಿನ ದುಡ್ಡು ಬೇರೆ ದಾರಿಯನ್ನೂ ಹಿಡಿಯಬಹುದು. ಅದಕ್ಕೆ ದೂರ ಹೋಗಬೇಕಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಅಲ್ಲಿ ಹಣ ಹಾಕಿದವರಲ್ಲಿ ಫಿನ್‌ಲೆಂಡಿನ ಫೋರ್ಟಂ ಕಂಪನಿಯೂ ಒಂದು. ಆರು ತಿಂಗಳು ಸರಿಯಾಗಿ ಬಿಸಿಲೇ ಕಾಣದ ದೇಶದವರು ಬಂದು ನಮ್ಮ ಬಿಸಿಲಿಗೆ ದುಡ್ಡು ಹಾಕಿದರು!

ಇಲ್ಲಿ ಬಡ್ಡಿಯ ಆಟವೊಂದಿದೆ. ಕಲ್ಲಿದ್ದಲು ಸ್ಥಾವರಕ್ಕೆ ಕಟ್ಟುವಾಗ ಒಂದು ಖರ್ಚು, ಆಮೇಲೆ ದಿನಾ ಇಂಧನದ ಖರ್ಚು. ಸೋಲಾರ್‌ಗೆ ಹೆಚ್ಚುಕಡಿಮೆ ಎಲ್ಲ ಖರ್ಚೂ ಮೊದಲ ದಿನವೇ. ಆದ್ದರಿಂದ ಸೋಲಾರ್ ಕರೆಂಟಿನ ಬೆಲೆ ಅಂದರೆ ಬಹುಮಟ್ಟಿಗೆ ಸಾಲದ ಕಂತು. 1 ಕೋಟಿ ರೂಪಾಯಿ ಸಾಲವನ್ನು 20 ವರ್ಷದಲ್ಲಿ ತೀರಿಸಬೇಕು ಅಂದುಕೊಳ್ಳಿ. ಶೇಕಡ 10ರ ಬಡ್ಡಿಯಾದರೆ ವರ್ಷಕ್ಕೆ ಸುಮಾರು 11.7 ಲಕ್ಷ ಕಟ್ಟಬೇಕು. ಶೇಕಡ 5 ಆದರೆ 8 ಲಕ್ಷ ಸಾಕು. ಅದೇ ಬಿಸಿಲು, ಅದೇ ಪ್ಯಾನೆಲ್, ಕಂತು ಮಾತ್ರ ಮೂರರಲ್ಲೊಂದು ಪಾಲು ಕಡಿಮೆ. ಅಗ್ಗದ ಬಡ್ಡಿ ಇರುವ ದೇಶಗಳಿಂದ ಹಣ ಬಂದರೆ ಕಲ್ಲಿದ್ದಲಿಗಿಂತ ಸೋಲಾರ್‌ಗೇ ಲಾಭ ಜಾಸ್ತಿ. ನಡುವೆ ರೂಪಾಯಿ ಬೆಲೆ ಕುಸಿದರೆ ಆ ಲಾಭದಲ್ಲಿ ಒಂದಿಷ್ಟು ಅಲ್ಲೇ ಕರಗುತ್ತದೆ ಅನ್ನುವುದೂ ನಿಜ.

ಪಾವಗಡದಲ್ಲಿ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಹೆಚ್ಚಳ. ಬರಗಾಲದ ಕಡಲೆಕಾಯಿ ಬೆಳೆಗೆ ಹೋಲಿಸಿದರೆ ಅದು ಖಾತ್ರಿ ದುಡ್ಡು. ಜಮೀನಿದ್ದವರಿಗೆ, ಅಷ್ಟೇ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಹೋಯಿತು. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ಹೊಗೆ ಇಲ್ಲದ ಯೋಜನೆಯ ಬಗ್ಗೆಯೂ ಯಾರಿಗೆ ಸಿಕ್ಕಿತು, ಯಾರಿಗೆ ಇಲ್ಲ ಅಂತ ಕೇಳಬೇಕಾಗುತ್ತದೆ ಅಲ್ವಾ.

ಹಣ ಯಾವ ದಾರಿ ಹಿಡಿಯಬೇಕು ಅನ್ನುವುದನ್ನು ಕೊನೆಗೆ ನಿರ್ಧರಿಸುವುದು ಆತಿಥೇಯ ದೇಶದ ಕಾಗದಪತ್ರ. ಅದರಲ್ಲೂ ಸಣ್ಣ ಅಕ್ಷರದ ವಾಕ್ಯಗಳು. 2021ರ ಸೆಪ್ಟೆಂಬರ್‌ನಲ್ಲಿ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ವಿಶ್ವಸಂಸ್ಥೆಯಲ್ಲಿ, ಹೊರದೇಶಗಳಲ್ಲಿ ಇನ್ನು ಹೊಸ ಕಲ್ಲಿದ್ದಲು ವಿದ್ಯುತ್ ಯೋಜನೆ ಕಟ್ಟುವುದಿಲ್ಲ ಅಂದರು. ಮರುವರ್ಷ ಇಂಡೊನೇಷ್ಯಾ ಕೂಡ ಹೊಸ ಕಲ್ಲಿದ್ದಲು ಸ್ಥಾವರ ಬೇಡ ಅಂತ ಅಧ್ಯಕ್ಷರ ಆದೇಶ ಹೊರಡಿಸಿತು. ಆ ಆದೇಶದಲ್ಲೇ ಒಂದು ವಿನಾಯಿತಿ ಇದೆ. ದೇಶದ ಗಣಿ ಸಂಪತ್ತಿನ ಮೌಲ್ಯ ಹೆಚ್ಚಿಸುವ ಕಾರ್ಖಾನೆಗಳಿಗಾದರೆ ಕಟ್ಟಬಹುದು. ಹತ್ತು ವರ್ಷದಲ್ಲಿ ಹೊಗೆಯನ್ನು ಶೇಕಡ 35 ಇಳಿಸಬೇಕು, 2050ರ ತನಕ ಮಾತ್ರ ನಡೆಸಬೇಕು. ಅದೇ ವರ್ಷದ ನವೆಂಬರ್‌ನಲ್ಲಿ ಬಾಲಿಯಲ್ಲಿ ಶ್ರೀಮಂತ ದೇಶಗಳು, ಕಲ್ಲಿದ್ದಲು ಬಿಡಲಿಕ್ಕೆ ಇಂಡೊನೇಷ್ಯಾಕ್ಕೆ 2,000 ಕೋಟಿ ಡಾಲರ್ ಒದಗಿಸುವ ಮಾತು ಕೊಟ್ಟವು. ಅದರ ಯೋಜನೆ ಸಿದ್ಧವಾದಾಗ ಗುರಿಯ ಲೆಕ್ಕ ಸಾರ್ವಜನಿಕ ಜಾಲದ ಸ್ಥಾವರಗಳಿಗೆ ಮಾತ್ರ ಸೀಮಿತವಾಯಿತು, ಕಾರ್ಖಾನೆಗಳ ಸ್ವಂತ ಸ್ಥಾವರಗಳು ಹೊರಗುಳಿದವು. 2025ರ ಮಾರ್ಚ್‌ನಲ್ಲಿ ಅಮೆರಿಕ ಆ ಒಪ್ಪಂದದಿಂದಲೇ ಎದ್ದು ಹೋಯಿತು. ಮೊರೊವಾಲಿಯ ಕುಲುಮೆಗಳು ಕಲ್ಲಿದ್ದಲಿನ ಕರೆಂಟಿನಲ್ಲೇ ಉರಿಯುತ್ತಿವೆ. 2050 ಬರಲು ಇನ್ನೂ ಎರಡು ದಶಕ ಮೀರಿ ಇದೆ.