ಜುಟ್ಟು, ಕ್ರಾಪು, ಬಾಬ್ ಕಟ್: ಕೂದ್ಲು ಫ್ಯಾಷನ್ ಇತಿಹಾಸದ ನೋಟ್ಸ್

ಕಾರವಾರ, ಕುಮಟಾ, ಸಿರ್ಸಿ ಕಡೆ ಬ್ಯೂಟಿಷಿಯನ್ ಕೋರ್ಸ್ ಮಾಡ್ತಾ ಇರೋ ಎಲ್ಲರಿಗೂ ಈ ನೋಟ್ಸು. ಹೇರ್ ಸ್ಟೈಲ್ ಇತಿಹಾಸ ಅಂತ ಒಂದು ಪಾಠ ಇರ್ತದಲ್ಲ, ಅದ್ರಲ್ಲಿ ಬರೀ ಇಸವಿ, ಹೆಸರು, ಫೋಟೋ ಅಷ್ಟೇ ಇರ್ತದೆ, ಬಾಯಿಪಾಠ ಮಾಡಿ ಬರೆದ್ರೆ ಮಾರ್ಕ್ಸ್ ಬರ್ತದೆ ಆದ್ರೆ ಪರೀಕ್ಷೆ ಮುಗಿದ ಮರುದಿನ ಒಂದೂ ನೆನಪಿರಲ್ಲ. ಅದಕ್ಕೆ ನಾನು ಯಾವ ಸ್ಟೈಲ್ ಬಗ್ಗೆ ಓದಿದ್ರೂ ಎರಡು ಪ್ರಶ್ನೆ ಕೇಳ್ತೇನೆ. ಇದನ್ನ ಮಾಡೋಕೆ ಯಾವ ಸಾಮಾನು, ಯಾವ ಕೆಮಿಕಲ್ ಬೇಕಾಯ್ತು? ಮತ್ತೆ ಆ ಕೂದ್ಲು ಹೀಗೇ ಇರ್ಬೇಕು ಅಂತ ತೀರ್ಮಾನ ಮಾಡಿದ್ದು ಯಾರು, ಕೂದ್ಲು ಯಾರದೋ ಅವ್ರೇನಾ ಅಥವಾ ಮನೆಯವ್ರಾ, ಮಠದವ್ರಾ, ಸರ್ಕಾರದವ್ರಾ? ಎರಡನೇ ಪ್ರಶ್ನೆನೇ ಮುಖ್ಯ ಅಂತ ನನ್ನ ಅಭಿಪ್ರಾಯ, ಅದನ್ನ ಕೇಳಿದ್ರೆ ಇಡೀ ಪಾಠ ತನ್ನಿಂದ ತಾನೇ ನೆನಪಲ್ಲಿ ಉಳಿತದೆ.

ಮೊದ್ಲು ಕೂದ್ಲು ಅಂದ್ರೆ ಎಂತ ಅಂತ ಬೇಗ ನೋಡಿಬಿಡುವ. ಕೆರಾಟಿನ್ ಅನ್ನೋ ಪ್ರೋಟೀನು. ಹೊರಗೆ ಕ್ಯೂಟಿಕಲ್ ಪದರ, ಒಳಗೆ ಕಾರ್ಟೆಕ್ಸ್, ಬಣ್ಣ ಗಟ್ಟಿತನ ಎಲ್ಲ ಈ ಕಾರ್ಟೆಕ್ಸಿನದ್ದೇ. ಮಂಡೆ ಮೇಲೆ ಸುಮಾರು 1 ಲಕ್ಷ ಕೂದ್ಲು, ತಿಂಗಳಿಗೆ 1ರಿಂದ 1.25 ಸೆಂ.ಮೀ. ಬೆಳೀತದೆ, ದಿನಕ್ಕೆ 50ರಿಂದ 100 ಉದುರೋದು ಸಹಜ, ಅದಕ್ಕೆ ಗಿರಾಕಿನ ಹೆದರಿಸಬಾರ್ದು. ಗಟ್ಟಿಯಾಗಿ ನೆನಪಿಡಬೇಕಾಗಿದ್ದು ಕೂದ್ಲಿನ ಆಕಾರ ಹಿಡಿದಿಡೋ ಎರಡು ಥರದ ಬಂಧ. ಹೈಡ್ರೋಜನ್ ಬಂಧ ನೀರು ಮತ್ತು ಬಿಸಿಗೆ ಬಿಡ್ತದೆ, ಒಣಗಿದ್ರೆ ಮತ್ತೆ ಕೂಡ್ತದೆ. ಡೈಸಲ್ಫೈಡ್ ಬಂಧ ಗಂಧಕದ್ದು, ಅದು ನೀರಿಗೆಲ್ಲ ಜಗ್ಗಲ್ಲ, ಕೆಮಿಕಲ್ಲೇ ಬೇಕು. ಮುಂದೆ ಬರೋ ಸೆಟಿಂಗ್ (ತೊಳೆಯೋವರೆಗೆ ಮಾತ್ರ ಇರೋ ಆಕಾರ), ಪರ್ಮು (ತೊಳೆದ್ರೂ ಹೋಗದ ಸುರುಳಿ), ಸ್ಟ್ರೇಟ್ನಿಂಗ್ ಎಲ್ಲ ಈ ಎರಡರ ಮೇಲೇ ನಿಂತಿದೆ.

ಇಲ್ಲೇ ಒಂದು ಮಾತು ಹೇಳಿ ಮುಂದೆ ಹೋಗ್ತೇನೆ. ನಮ್ಮ ಪುಸ್ತಕಗಳಲ್ಲಿ ನೆಟ್ಟಗಿನ ಕೂದ್ಲೇ ನಾರ್ಮಲ್, ಗುಂಗುರು ಇದ್ರೆ ಸರಿ ಮಾಡ್ಬೇಕಾದ ಸಮಸ್ಯೆ ಅನ್ನೋ ಥರ ಬರೆದಿರ್ತಾರೆ, ಅದು ತಪ್ಪು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಸಮುದಾಯದವ್ರು ಇದ್ದಾರೆ, ಅವ್ರ ಪೂರ್ವಜರು ಆಫ್ರಿಕಾದಿಂದ ಬಂದವ್ರು, ಒತ್ತು ಗುಂಗುರು ಕೂದ್ಲು. ಕೂದ್ಲು ಹುಟ್ಟೋ ಬುಡದ ಚೀಲ ಬಾಗಿದ್ದು, ಅಡ್ಡ ಕೊಯ್ದು ನೋಡಿದ್ರೆ ಕೂದ್ಲು ಚಪ್ಪಟೆ, ಅಷ್ಟೇ ವ್ಯತ್ಯಾಸ. ಅಂಥ ಕೂದ್ಲನ್ನ ಒಣಗಿದ್ದಾಗ ಸಣ್ಣ ಹಲ್ಲಿನ ಹಣಿಗೆ ಹಾಕಿ ಬುಡದಿಂದ ಎಳೆದ್ರೆ ತುಂಡಾಗ್ತದೆ. ಒದ್ದೆ ಮಾಡಿ, ಕಂಡೀಷನರ್ ಹಚ್ಚಿ, ದೊಡ್ಡ ಹಲ್ಲಿನ ಹಣಿಗೆಯಲ್ಲಿ ತುದಿಯಿಂದ ಶುರು ಮಾಡಿ ನಿಧಾನ ಮೇಲೆ ಬರ್ಬೇಕು. ನಮ್ಮ ಜಿಲ್ಲೆಯಲ್ಲಿ ಪಾರ್ಲರ್ ಇಡೋರು ಇದನ್ನ ಕಲಿಯದೆ ಹೋದ್ರೆ ನಮ್ಮದೇ ಜನರಿಗೆ ಕೆಲ್ಸ ಮಾಡೋಕೆ ಬರಲ್ಲ ಅಂತಾಯ್ತು.

ಈಗ ಗಂಡಸ್ರ ವಿಷ್ಯ. ಉದ್ದ ಕೂದ್ಲು ಹೆಂಗಸ್ರದ್ದು ಗಿಡ್ಡ ಕೂದ್ಲು ಗಂಡಸ್ರದ್ದು ಅನ್ನೋದು ಎಲ್ಲ ಕಾಲದಲ್ಲೂ ಇರ್ಲಿಲ್ಲ. ಫ್ರಾನ್ಸಿನ ರಾಜ 13ನೇ ಲೂಯಿಗೆ ಚಿಕ್ಕ ವಯಸ್ಸಲ್ಲೇ ಕೂದ್ಲು ಉದುರಿ ವಿಗ್ ಹಾಕೋಕೆ ಶುರು ಮಾಡಿದ, ಅವನ ಮಗ 14ನೇ ಲೂಯಿ ಕಾಲಕ್ಕೆ ದೊಡ್ಡ ಗುಂಗುರು ವಿಗ್ ಇಲ್ದೆ ಆಸ್ಥಾನಕ್ಕೆ ಹೋಗೋದೇ ಇಲ್ಲ ಅಂತಾಯ್ತು, ಆಮೇಲೆ ಯುರೋಪಿನ ಶ್ರೀಮಂತರೆಲ್ಲ ಹಿಟ್ಟಿನ ಪುಡಿ ಹಾಕಿ ಬಿಳಿ ಮಾಡ್ಕೊಂಡ್ರು. 1795ರಲ್ಲಿ ಇಂಗ್ಲೆಂಡ್ ಸರ್ಕಾರ ಈ ಪುಡಿ ಮೇಲೆ ತೆರಿಗೆ ಹಾಕ್ತು, ವರ್ಷಕ್ಕೆ 1 ಗಿನಿ, ಅಂದ್ರೆ ಆಗಿನ ಒಂದು ಚಿನ್ನದ ನಾಣ್ಯ. ಬೆಡ್‌ಫರ್ಡ್ ಡ್ಯೂಕ್ ಪ್ರತಿಭಟನೆ ಅಂತ ಪುಡಿ ಬಿಟ್ಟು, ಕೂದ್ಲು ಗಿಡ್ಡ ಕತ್ತರಿಸಿ, ಪಕ್ಕಕ್ಕೆ ಬೈತಲೆ ತೆಗೆದು ಬಾಚ್ಕೊಂಡ, ಅವನ ಗೆಳೆಯರೂ ಹಾಗೇ ಮಾಡಿದ್ರು. ಬೆಡ್‌ಫರ್ಡ್ ಕ್ರಾಪ್ ಅಂತ ಅದಕ್ಕೆ ಹೆಸರು. ಈಗ ನಾವು ಆಫೀಸ್ ಕಟಿಂಗ್ ಅಂತ ಮಾಡೋ ಸೈಡ್ ಬೈತಲೆಯ ಹಿಂದೆ ಒಂದು ತೆರಿಗೆ ಜಗಳ ಇತ್ತು.

ಅದೇ ಕ್ರಾಪು ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆ ಬಂದಾಗ ದೊಡ್ಡ ಗಲಾಟೆ. ಇಲ್ಲಿ ಗಂಡು ಹುಡುಗರಿಗೆ ಚೌಲ ಮಾಡಿ ಜುಟ್ಟು ಬಿಡೋದು, ಮುಂದೆಲ್ಲ ಬೋಳಿಸಿ ಹಿಂದೆ ಶಿಖೆ ಕಟ್ಟೋದು ಇತ್ತು, ಬ್ರಾಹ್ಮಣರಲ್ಲಂತೂ ಬಿಡೋ ಹಾಗೇ ಇಲ್ಲ. ಇಂಗ್ಲಿಷ್ ಶಾಲೆಗೆ ಹೋದ ಹುಡುಗ್ರು ಕ್ರಾಪು ಬಿಟ್ರೆ ಮನೆಯಲ್ಲಿ ರಾದ್ಧಾಂತ, ಊಟಕ್ಕೆ ಪಂಕ್ತಿಯಲ್ಲಿ ಕೂರಿಸಲ್ಲ ಅನ್ನೋ ಮಟ್ಟಕ್ಕೆ ಮಾತು ಹೋಗ್ತಿತ್ತು. ಅದಕ್ಕೆ ಎಷ್ಟೋ ಜನ ಮಧ್ಯದ ದಾರಿ ಹಿಡಿದ್ರು, ಸುತ್ತ ಕ್ರಾಪು, ನೆತ್ತಿ ಹಿಂದೆ ನಾಲ್ಕೆಳೆ ಜುಟ್ಟು, ಮೇಲೊಂದು ಟೋಪಿ. ಹಳೇ ಮನೆಗಳ ಗ್ರೂಪ್ ಫೋಟೋದಲ್ಲಿ ಅಜ್ಜ ಟೋಪಿ ಹಾಕಿ ನಿಂತಿದ್ರೆ ಒಳಗೆ ಎಂತ ಇತ್ತು ಅಂತ ಮನೆಯ ಹಿರಿಯರನ್ನ ಕೇಳಿ ನೋಡಿ, ಒಳ್ಳೆ ಕಥೆ ಸಿಗ್ತದೆ. ಚೀನಾದಲ್ಲಿ ಇದು ಜೀವದ ಪ್ರಶ್ನೆನೇ ಆಗಿತ್ತು, 1645ರಲ್ಲಿ ಮಂಚೂ ಅರಸರು ಗಂಡಸ್ರೆಲ್ಲ ಮುಂದಲೆ ಬೋಳಿಸಿ ಹಿಂದೆ ಉದ್ದ ಜಡೆ ಬಿಡ್ಬೇಕು ಅಂತ ಹುಕುಂ ಮಾಡಿದ್ರು, ಒಪ್ಪದವ್ರ ತಲೆ ತೆಗೆದ್ರು, ಆ ಜಡೆ ಹೋಗಿದ್ದು 1911ರ ಕ್ರಾಂತಿ ಆದ್ಮೇಲೆ.

ಆದ್ರೆ ನಮ್ಮ ಕಡೆ ಗಂಡಸ್ರಿಗೆ ಆಗಿದ್ದು ಬೈಗುಳ, ಹೆಂಗಸ್ರಿಗೆ ಆಗಿದ್ದು ಬೇರೆ. ಗಂಡ ಸತ್ತ ಬ್ರಾಹ್ಮಣ ಹೆಂಗಸ್ರ ಮಂಡೆ ಬೋಳಿಸ್ತಿದ್ರು, ಕೆಲವ್ರು ಹತ್ತು ಹನ್ನೆರಡು ವರ್ಷದ ಮಕ್ಕಳು. ಕೆಂಪು ಸೀರೆ, ಸೆರಗು ಮಂಡೆ ಮೇಲೆ, ಕುಂಕುಮ ಇಲ್ಲ, ಹೂ ಇಲ್ಲ. ಆಮೇಲೆ ಕೂದ್ಲು ಚಿಗುರಿದ ಹಾಗೆಲ್ಲ ಕ್ಷೌರಿಕರನ್ನ ಹಿತ್ತಿಲ ಬಾಗಿಲಿಗೆ ಕರೆಸಿ ಮತ್ತೆ ಬೋಳಿಸೋದು, ಜೀವ ಇರೋವರೆಗೂ. ಮಡಿ ಅಜ್ಜಿ ಅಂತ ಕರೀತಿದ್ದಿದ್ದು ಇವ್ರನ್ನೇ. ಜಡೆ, ತುರುಬು, ಮೊಗ್ಗಿನ ಜಡೆ ಅಂತ ನಾವು ಚಂದ ಚಂದ ಹೆಸರು ಕಲೀತೇವೆ, ಅದೆಲ್ಲ ಯಾರಿಗೆ ಸಿಗ್ತಿರ್ಲಿಲ್ಲ ಅನ್ನೋದೂ ಅದೇ ಪಾಠದ ಭಾಗ ಅಂತ ನಾನು ಹೇಳ್ತೇನೆ.

ಇದನ್ನ ಎದುರಿಸಿದವ್ರಲ್ಲಿ ನಮ್ಮ ಕಸುಬಿನವ್ರೇ ಇದ್ದರು ಅನ್ನೋದು ನನಗೆ ತುಂಬಾ ಹೆಮ್ಮೆಯ ವಿಷ್ಯ. 1890ರಲ್ಲಿ ಬಾಂಬೆಯಲ್ಲಿ ಕ್ಷೌರಿಕರು ಸಭೆ ಸೇರಿ ವಿಧವೆಯರ ಮಂಡೆ ಬೋಳಿಸೋ ಕೆಲ್ಸ ನಾವಿನ್ನು ಮಾಡೋದಿಲ್ಲ ಅಂತ ನಿರ್ಧಾರ ಮಾಡಿದ್ರು, ಮುಂದೆ ನಿಂತವ್ರು ಜ್ಯೋತಿಬಾ ಫುಲೆ ಅವ್ರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ. ನಮ್ಮ ಜಿಲ್ಲೆ 1862ರಿಂದ ಬಾಂಬೆ ಪ್ರಾಂತ್ಯದಲ್ಲೇ ಇತ್ತು, ಅಂದ್ರೆ ಇದು ದೂರದ ಸುದ್ದಿ ಅಲ್ಲ. ಕತ್ತಿ ಕೈಯಲ್ಲಿ ಹಿಡಿದವ್ರೇ ಆಗಲ್ಲ ಅಂದ್ರಲ್ಲ, ಪರೀಕ್ಷೆಗೆ ಬರ್ಲಿ ಬಿಡ್ಲಿ, ಇದನ್ನ ಓದ್ಲೇಬೇಕು.

ಹೂವಿನ ಜಡೆ ಬಗ್ಗೆ ಇಷ್ಟು. ಮೂರು ಎಳೆ ಹೆಣೆದು ಚವರಿ ಸೇರಿಸಿ ಉದ್ದ ಮಾಡಿ, ತುದಿಗೆ ಕುಚ್ಚು, ಮೇಲೆ ಜಡೆಬಿಲ್ಲೆ. ಮೊಗ್ಗಿನ ಜಡೆಗೆ ಮೊಗ್ಗನ್ನ ನೇರ ಕೂದ್ಲಿಗೆ ಚುಚ್ಚೋದಲ್ಲ, ಬಾಳೆ ಪಟ್ಟೆ ಅಥವಾ ರಟ್ಟಿನ ಮೇಲೆ ಸಾಲಾಗಿ ಹೊಲಿದು ಆಮೇಲೆ ಜಡೆಗೆ ಕಟ್ಟೋದು, ಮೊಗ್ಗು ಅರಳೋ ಮುಂಚೆ ಹೊಲಿಬೇಕು, ಅದಕ್ಕೆ ಮದುವೆ ದಿನ ನಸುಕಿನಲ್ಲೇ ಎದ್ದು ಕೂರೋದು. ಭಟ್ಕಳ ಮಲ್ಲಿಗೆ, ಅಬ್ಬಲಿಗೆ, ಬೇಸಿಗೆಯಲ್ಲಿ ಸುರಗಿ, ಇವು ನಮ್ಮ ಕಡೆಯವು, ಇವುಗಳಲ್ಲಿ ಸುರಗಿ ಒಣಗಿದ್ರೂ ಅದ್ರ ಪರಿಮಳ ಹೋಗಲ್ಲ.

ಈಗ ಬಾಬ್ ಕಟ್. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಡ್ಯಾನ್ಸರ್ ಐರಿನ್ ಕ್ಯಾಸಲ್ ಕೂದ್ಲು ಗಿಡ್ಡ ಮಾಡಿಸ್ಕೊಂಡಿದ್ದು ಸುದ್ದಿ ಆಯ್ತು, 1920ರ ದಶಕದಲ್ಲಿ ಕಾರ್ಖಾನೆಗೆ ಆಫೀಸಿಗೆ ಹೋಗೋ ಹುಡುಗೀರೆಲ್ಲ ಅದೇ ದಾರಿ ಹಿಡಿದ್ರು. ಹೆಂಗಸ್ರ ಸಲೂನಿನವ್ರಿಗೆ ಕೂದ್ಲು ಕಟ್ಟೋಕೆ, ಸುರುಳಿ ಮಾಡೋಕೆ ಬರ್ತಿತ್ತು, ಗಿಡ್ಡ ಕತ್ತರಿಸೋಕೆ ಬರ್ತಿರ್ಲಿಲ್ಲ, ಕೆಲವ್ರು ಮಾಡಲ್ಲ ಅಂತಾನೂ ಹೇಳಿದ್ರು, ಆಗ ಹೆಂಗಸ್ರು ಸೀದಾ ಗಂಡಸ್ರ ಕಟಿಂಗ್ ಶಾಪಿಗೆ ಹೋಗಿ ಕ್ಯೂ ನಿಂತ್ರು. ಜುಟ್ಟು ತೆಗೆದ ಹುಡುಗನಿಗೆ ಇಲ್ಲಿ ಎಂತ ಬೈಗುಳ ಬಿತ್ತೋ ಬಾಬ್ ಮಾಡಿಸಿದ ಹುಡುಗಿಗೆ ಅಲ್ಲಿ ಅದೇ ಬಿತ್ತು.

ಬಾಬನ್ನ ವಿಜ್ಞಾನದ ಮಟ್ಟಕ್ಕೆ ತಂದವ್ರು ಲಂಡನ್ನಿನ ವಿಡಾಲ್ ಸಸೂನ್. 1950ರ ದಶಕದಲ್ಲಿ ಹೆಂಗಸ್ರು ವಾರಕ್ಕೊಂದು ಸಲ ಸಲೂನಿಗೆ ಹೋಗಿ ರೋಲರ್ ಸುತ್ತಿಸಿ, ಡ್ರೈಯರ್ ಕೆಳಗೆ ಕೂತು, ಸ್ಪ್ರೇ ಹೊಡೆಸ್ಕೊಂಡು ಬರ್ಬೇಕಿತ್ತು. ಸಸೂನ್ ಹೇಳಿದ್ದು, ಕತ್ತರಿಸೋದ್ರಲ್ಲೇ ಆಕಾರ ಬರ್ಬೇಕು, ತೊಳೆದು ಮಂಡೆ ಅಲ್ಲಾಡಿಸಿದ್ರೆ ಕೂದ್ಲು ತನ್ನ ಜಾಗಕ್ಕೆ ಬಂದು ಕೂರ್ಬೇಕು. 1963ರಲ್ಲಿ ಫ್ಯಾಷನ್ ಡಿಸೈನರ್ ಮೇರಿ ಕ್ವಾಂಟ್ ಅವ್ರಿಗೆ ಮಾಡಿದ ಬಾಬಿಂದ ಅವ್ರ ಹೆಸರು ಎಲ್ಲ ಕಡೆ ಹೋಯ್ತು. ನಾವು ಈಗ ಕಲಿಯೋ ಎಲಿವೇಶನ್ (ಕೂದ್ಲನ್ನ ಎಷ್ಟು ಕೋನಕ್ಕೆ ಎತ್ತಿ ಕತ್ತರಿಸೋದು) ಲೆಕ್ಕಕ್ಕೂ ಇದಕ್ಕೂ ಸಂಬಂಧ ಇದೆ. ಕೂದ್ಲು ಎತ್ತದೆ ಕೆಳಗೇ ಹಿಡಿದು ಕತ್ತರಿಸಿದ್ರೆ, ಅಂದ್ರೆ 0 ಡಿಗ್ರಿ, ಎಲ್ಲ ಒಂದೇ ಗೆರೆಗೆ ಬಂದು ಭಾರ ತುದಿಯಲ್ಲಿ ನಿಲ್ತದೆ, ಅದು ಬಾಬು. 45 ಡಿಗ್ರಿ ಎತ್ತಿದ್ರೆ ಗ್ರಾಜುಯೇಶನ್, ಹಿಂದೆ ದುಂಡಗೆ ತುಂಬ್ಕೊಳ್ತದೆ. 90 ಡಿಗ್ರಿ ಎತ್ತಿದ್ರೆ ಲೇಯರ್, ಭಾರ ಎಲ್ಲ ಕಡೆ ಹಂಚಿ ಹೋಗ್ತದೆ. ಗಿರಾಕಿ ಮೊಬೈಲಲ್ಲಿ ಯಾವ ಫೋಟೋ ತೋರಿಸಿದ್ರೂ ಭಾರ ಎಲ್ಲಿ ನಿಂತಿದೆ ಅಂತ ಮೊದ್ಲು ನೋಡಿ, ಕೋನ ಎಷ್ಟು ಅಂತ ಗೊತ್ತಾಗ್ತದೆ. ಇಂಡಿಯಾದಲ್ಲಿ ಅದೇ ಕಾಲಕ್ಕೆ ಸಾಧನಾ ಕಟ್ ಬಂತು, 1960ರಲ್ಲಿ ಹಿಂದಿ ನಟಿ ಸಾಧನಾ ಹಣೆ ಮೇಲೆ ಕೂದ್ಲು ಇಳಿಬಿಟ್ಟಿದ್ದು ನೋಡಿ ಊರೂರಲ್ಲಿ ಹುಡುಗೀರು ಮುಂದಲೆ ಕತ್ತರಿಸ್ಕೊಂಡ್ರು, ಉದ್ದ ಜಡೆ ಹಾಗೇ ಇತ್ತು, ಮುಂದೆ ಮಾತ್ರ ಫ್ಯಾಷನ್ನು.

ಪರ್ಮು ಬಗ್ಗೆ ಕೇಳಿದ್ರೆ ಎರಡು ಹೆಸರು ಬರೀರಿ. 1870ರ ದಶಕದಲ್ಲಿ ಪ್ಯಾರಿಸ್ಸಿನ ಮಾರ್ಸೆಲ್ ಗ್ರಾಟೋ ಬಿಸಿ ಚಿಮಟದಿಂದ ಅಲೆ ಮೂಡಿಸಿದ್ರು, ಮಂಡೆ ತೊಳೆದ್ರೆ ಹೋಗ್ತಿತ್ತು, ಯಾಕಂದ್ರೆ ಹೈಡ್ರೋಜನ್ ಬಂಧ ಅಷ್ಟೇ ಬದಲಾಗಿದ್ದು. 1905-06ರ ಹೊತ್ತಿಗೆ ಲಂಡನ್ನಿನಲ್ಲಿ ಕಾರ್ಲ್ ನೆಸ್ಲರ್ ಅನ್ನೋ ಜರ್ಮನ್ ಶಾಶ್ವತ ಸುರುಳಿ ಮಾಡಿ ತೋರಿಸಿದ. ಹಿತ್ತಾಳೆ ರೋಲರು 12, ಒಂದೊಂದು ಸುಮಾರು 1 ಕೆಜಿ, ಮೇಲಿಂದ ತೂಗುಬಿಟ್ಟು ಕ್ಷಾರ ಹಚ್ಚಿ ಕಾಯಿಸೋದು, ಹತ್ತಿರ ಹತ್ತಿರ 6 ತಾಸು. ಮೊದಲ ಪ್ರಯೋಗ ನಡೆದಿದ್ದು ಅವನ ಹೆಂಡತಿ ಕಟರೀನಾ ಮೇಲೆ, ಅವ್ರ ಕೂದ್ಲು ಸುಟ್ಟು ಹೋಗಿ ನೆತ್ತಿಗೂ ಸುಟ್ಟ ಗಾಯ ಆಗಿತ್ತು. ಅವ್ರ ಹೆಸರೂ ಪಾಠದಲ್ಲಿ ಇರ್ಬೇಕಿತ್ತು. 1938ರಲ್ಲಿ ಕಾಯಿಸದೆ ಬರೀ ಕೆಮಿಕಲ್ಲಲ್ಲೇ ಸುರುಳಿ ಮಾಡೋ ಕೋಲ್ಡ್ ವೇವ್ ಬಂದ್ಮೇಲೆ ಮಷಿನ್ ಬೇಡ ಆಯ್ತು. ಈಗ ಥಯೋಗ್ಲೈಕೊಲೇಟ್ ಲೋಶನ್ ಡೈಸಲ್ಫೈಡ್ ಬಂಧ ಬಿಚ್ತದೆ, ಹೊಸ ಆಕಾರದಲ್ಲಿ ಇಟ್ಟು ಹೈಡ್ರೋಜನ್ ಪೆರಾಕ್ಸೈಡ್ ನ್ಯೂಟ್ರಲೈಸರ್ ಹಾಕಿದ್ರೆ ಮತ್ತೆ ಕೂಡ್ತದೆ. ರಾಡಿಗೆ ಸುತ್ತಿದ್ರೆ ಸುರುಳಿ, ನೆಟ್ಟಗೆ ಎಳೆದು ಇಟ್ರೆ ಸ್ಟ್ರೇಟ್ನಿಂಗ್, ತತ್ವ ಒಂದೇ. ಕೆರಾಟಿನ್ ಟ್ರೀಟ್‌ಮೆಂಟ್ ಅಂತ ಬರೋ ಎಷ್ಟೋ ಬಾಟಲಿಗಳನ್ನ ಐರನ್ನಿಂದ ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಹೊಗೆ ಬರ್ತದೆ, ಅದು ಕ್ಯಾನ್ಸರ್ ತರೋ ಅನಿಲ, ಏಸಿ ಹಾಕಿ ಬಾಗಿಲು ಮುಚ್ಚಿದ ಸಣ್ಣ ಪಾರ್ಲರಲ್ಲಿ ದಿನಾ ಅದನ್ನ ಉಸಿರಾಡೋದು ಗಿರಾಕಿ ಅಲ್ಲ, ನಾವು. ಕಿಟಕಿ ತೆಗೀರಿ, ಎಕ್ಸಾಸ್ಟ್ ಫ್ಯಾನ್ ಇಲ್ದೆ ಆ ಕೆಲ್ಸ ಹಿಡೀಬೇಡಿ.

ಮಳೆಗಾಲದಲ್ಲಿ ಕಾರವಾರ, ಅಂಕೋಲಾ ಕಡೆ ಬ್ಲೋ ಡ್ರೈ ಮಾಡಿ ಕಳಿಸಿದ್ರೆ ಗಿರಾಕಿ ಬಸ್ ಸ್ಟ್ಯಾಂಡ್ ಮುಟ್ಟೋದ್ರೊಳಗೆ ಕೂದ್ಲು ಉಬ್ಬಿರ್ತದೆ. ಗಾಳಿಯಲ್ಲಿರೋ ನೀರಿನಂಶನೇ ಹೈಡ್ರೋಜನ್ ಬಂಧ ಬಿಚ್ಚಿ ಹಾಕ್ತದೆ, ನಿಮ್ಮ ಕೈಕೆಲ್ಸದ ತಪ್ಪಲ್ಲ, ಅದನ್ನ ಮೊದ್ಲೇ ಹೇಳಿ ಕಳಿಸಿ. ಕೊಬ್ಬರಿ ಎಣ್ಣೆ ಹಚ್ಚೋ ಅಜ್ಜಿಯಂದಿರ ಮಾತಲ್ಲಿ ಹುರುಳಿದೆ, ಅದ್ರಲ್ಲಿರೋ ಲಾರಿಕ್ ಆಮ್ಲ ಕೂದ್ಲಿನ ಒಳಗೆ ಇಳಿದು ತೊಳೆಯುವಾಗ ಪ್ರೋಟೀನ್ ಹೋಗೋದನ್ನ ಕಡಿಮೆ ಮಾಡ್ತದೆ, ಮಿನರಲ್ ಆಯಿಲ್ ಹಾಗೆ ಇಳಿಯಲ್ಲ.

ಗಂಡಸ್ರ ಕಡೆ ಉಳಿದಿದ್ದು ಬೇಗ. 1960ರ ದಶಕದಲ್ಲಿ ಬೀಟಲ್ಸ್ ಹುಡುಗ್ರು ಹಣೆ ಮುಚ್ಚಿದ್ರು, 70ರಲ್ಲಿ ಗೋಕರ್ಣಕ್ಕೆ ಬಂದ ವಿದೇಶಿ ಹಿಪ್ಪಿಗಳನ್ನ ನೋಡಿದವ್ರಿಗೆ ಹಿಪ್ಪಿ ಕಟ್ ಅಂದ್ರೆ ವಿವರಿಸೋದೇ ಬೇಡ, ಆಮೇಲೆ ಕಿವಿ ಮುಚ್ಚೋ ಬಚ್ಚನ್ ಕಟ್. ಕಾರವಾರದಲ್ಲಿ ನೌಕಾನೆಲೆ ಇರೋದ್ರಿಂದ ಅಕ್ಕಪಕ್ಕದ ಹುಡುಗ್ರೂ ಪಕ್ಕ ಗಿಡ್ಡ ಇರೋ ಕಟಿಂಗೇ ಕೇಳ್ತಾರೆ. ಮಷಿನ್ ಗಾರ್ಡ್ (ಮಷಿನ್ನಿಗೆ ಸಿಕ್ಕಿಸೋ ಹಣಿಗೆ) ನಂಬರು ನೆನಪಿಡಿ, 1 ಅಂದ್ರೆ 3 ಮಿ.ಮೀ., 2 ಅಂದ್ರೆ 6, 4 ಅಂದ್ರೆ ಸುಮಾರು 13. ಟೇಪರಲ್ಲಿ ಕೆಳಗೆ ಬರ್ತಾ ಕೂದ್ಲು ಸಣ್ಣ ಆಗ್ತದೆ ಆದ್ರೆ ಚರ್ಮ ಪೂರ್ತಿ ಕಾಣಲ್ಲ, ಸ್ಕಿನ್ ಫೇಡಲ್ಲಿ ಚರ್ಮದವರೆಗೂ ಹೋಗ್ತದೆ. ಇಂಟರ್‌ವ್ಯೂಗೆ ಹೊರಟ ಹುಡುಗನಿಗೆ ಯಾವುದು ಬೇಕು ಅಂತ ಕೇಳಿಯೇ ಮಷಿನ್ ಹಾಕಿ.

ಕೊನೆಯದು ಡೈ. 1907ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಯೂಜೀನ್ ಶೂಲರ್ ಮಾಡಿದ ಕೃತಕ ಡೈಯಿಂದ ಮುಂದೆ ಲೋರಿಯಲ್ ಕಂಪನಿ ಹುಟ್ಟಿತು. ಈಗಿನ ಹೆಚ್ಚಿನ ಕಪ್ಪು ಡೈಗಳಲ್ಲಿ ಪಿಪಿಡಿ ಅನ್ನೋ ಕೆಮಿಕಲ್ ಇರ್ತದೆ, ಕಪ್ಪು ಮೆಹಂದಿ ಅಂತ ಪ್ಯಾಕೆಟ್ಟಲ್ಲಿ ಬರೋದ್ರಲ್ಲೂ ಎಷ್ಟೋ ಸಲ ಅದೇ ಇರ್ತದೆ, ಬರೀ ಮದರಂಗಿ ಸೊಪ್ಪಿಗೆ ಕಪ್ಪು ಬಣ್ಣ ಬರೋದೇ ಇಲ್ಲ. ಅಲರ್ಜಿ ಇದ್ದವ್ರಿಗೆ ಮುಖ ಊದಿ ಕಣ್ಣು ಮುಚ್ಚಿ ಹೋಗ್ತದೆ. ಕಿವಿ ಹಿಂದೆ ಅಥವಾ ಮೊಣಕೈ ಒಳಗೆ ಸ್ವಲ್ಪ ಹಚ್ಚಿ 48 ತಾಸು ಬಿಟ್ಟು ನೋಡಿ, ಹೋದ ಸಲ ಹಚ್ಚಿದಾಗ ಎಂತ ಆಗಿಲ್ಲ ಅಂತ ಗಿರಾಕಿ ಅಂದ್ರೂ ಪ್ರತಿ ಸಲ ನೋಡ್ಬೇಕು, ಯಾಕಂದ್ರೆ ಈ ಅಲರ್ಜಿ ವರ್ಷಗಟ್ಟಲೆ ಹಚ್ಚಿದ ಮೇಲೂ ಶುರು ಆಗ್ತದೆ.